ಲೋಲಾ ಅವರ ಬಲಗೈ

ಇದ್ದ ಹಾಡನ್ನು ಇದ್ದ ಹಾಗೆ ಹಾಡಿ ಸುಮ್ಮನಾಗುವುದು ನನ್ನ ಜಾಯಮಾನದಲ್ಲಿ ಇಲ್ಲ. ಧಾರವಾಡದಲ್ಲಿ ಹದಿನಾಲ್ಕು ವರ್ಷ ಗುರುಗಳ ಮುಂದೆ ಕೂತು ಕಲಿತವಳು ನಾನು. ಒಂದು ಸ್ವರದಿಂದ ಇನ್ನೊಂದಕ್ಕೆ ನೇರವಾಗಿ ಹೋದರೆ ಅವರು ಹಾಡು ನಿಲ್ಲಿಸಿ, "ಏನವಾ ಲೀಲಾ, ಗಟಾರ ಜಿಗದಂಗ ಜಿಗದಿ. ನಡುವ ಏನೂ ಇಲ್ಲೇನು?" ಎಂದು ಕೇಳುತ್ತಿದ್ದರು. ಆ ನಡುವೆ ಇರುವುದನ್ನು ಹುಡುಕುವುದರಲ್ಲೇ ನನಗೆ ಅರವತ್ತು ದಾಟಿತು. ಈಗ ಅಮೆರಿಕದಲ್ಲಿ, ಹ್ಯೂಸ್ಟನ್ ಪಕ್ಕದ ಕೇಟಿ ಎಂಬ ಊರಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಇಪ್ಪತ್ತಮೂರು ಮಕ್ಕಳಿಗೆ ಅದನ್ನೇ ಕಲಿಸುತ್ತೇನೆ. ಎರಡು ಕಾರೂ ಹೊರಗೆ ಬಿಸಿಲಿನಲ್ಲಿ, ತಂಬೂರಿ ಒಳಗೆ ಏಸಿಯಲ್ಲಿ. ನನ್ನ ಗಂಡ ಪ್ರಹ್ಲಾದ್ ಪ್ರತಿ ಬೇಸಿಗೆಯಲ್ಲೂ ಸುಡುವ ಸ್ಟೀರಿಂಗು ಹಿಡಿದು ಗೊಣಗುತ್ತಾರೆ. ನಾನು ಸೊಪ್ಪು ಹಾಕುವುದಿಲ್ಲ.

ಆ ಇಪ್ಪತ್ತಮೂರರಲ್ಲಿ ಸಿಯಾ ಎಂದರೆ ನನಗೆ ಒಂದು ತೂಕ ಹೆಚ್ಚು. ಪಕ್ಷಪಾತ ಎನ್ನುವವರು ಎನ್ನಲಿ. ಹನ್ನೆರಡು ವರ್ಷದ ಹುಡುಗಿ, ನಾಲ್ಕು ವರ್ಷದಿಂದ ಬರುತ್ತಾಳೆ, ಹೇಳಿಕೊಟ್ಟದ್ದನ್ನು ಹೀರಿಕೊಳ್ಳುತ್ತಾಳೆ. ಅಪ್ಪ ಸುಹಾಸ್ ವಿಜಯಪುರದವನು, ಅಮ್ಮ ಲಿಗಾಯಾ ಫಿಲಿಪೀನ್ಸಿನವಳು. ಇಬ್ಬರೂ ಒಂದೇ ಆಸ್ಪತ್ರೆಯಲ್ಲಿದ್ದಾರೆ, ಅವನು ಕಂಪ್ಯೂಟರ್ ಕಡೆ, ಅವಳು ನರ್ಸು. ಹುಡುಗಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಮ್ಮನ ಭಾಷೆಯ ಕತೆಯೂ ಅದೇ.

ಎರಡು ವರ್ಷದ ಹಿಂದೆ ಲಿಗಾಯಾಳ ತಾಯಿ ರೆಮೆದಿಯೊಸ್ ಬಂದು ಇವರ ಜೊತೆಗೇ ಉಳಿದರು. ಅವರಲ್ಲಿ ಅಜ್ಜಿಗೆ ಲೋಲಾ ಎನ್ನುತ್ತಾರೆ. ಮೊದಲು ಸಿಯಾ ಹಾಗೆ ಕರೆದಳು, ಆಮೇಲೆ ನಾನು, ಕೊನೆಗೆ ಇಡೀ ಬೀದಿ. ಎಪ್ಪತ್ತೈದರ ಪುಟ್ಟ ದೇಹ, ಗರಿ ಮುರಿಯದ ಇಸ್ತ್ರಿ ಅಂಗಿ, ನೋಡಿದರೆ ನಮ್ಮ ಬೆನ್ನೂ ತಾನಾಗಿ ನೆಟ್ಟಗಾಗುವ ನೋಟ. ಕವೀತ್ ಎಂಬ ಊರಿನ ಸರ್ಕಾರಿ ಶಾಲೆಯಲ್ಲಿ ಮೂವತ್ತೈದು ವರ್ಷ ಟೀಚರ್ ಆಗಿದ್ದವರು. ಅಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ ಮಕ್ಕಳು ಸಾಲಾಗಿ ನಿಂತು, ಬಲಗೈಯನ್ನು ಎದೆಯ ಎಡಭಾಗದ ಮೇಲಿಟ್ಟು ರಾಷ್ಟ್ರಗೀತೆ ಹಾಡುತ್ತಾರಂತೆ. ಒಬ್ಬರು ಮಾತ್ರ ಮಕ್ಕಳ ಎದುರಿಗೆ ನಿಂತು ಕೈ ಬೀಸಿ ತಾಳ ತೋರಿಸಬೇಕು. ಅದಕ್ಕೆ ಕುಂಪಾಸ್ ಎಂದು ಹೆಸರು. ಮೂವತ್ತೈದು ವರ್ಷ ಆ ಶಾಲೆಯ ಕುಂಪಾಸ್ ಲೋಲಾ ಅವರ ಬಲಗೈಯದೇ ಆಗಿತ್ತು. ಹ್ಯೂಸ್ಟನ್ನಿಗೆ ಬಂದ ಮೇಲೂ ಇಲ್ಲಿನ ಫಿಲಿಪಿನೋ ಸಂಘದವರು ಆ ಕೈಯನ್ನು ಬಿಡಲಿಲ್ಲ.

ಕಳೆದ ಏಪ್ರಿಲಿನಲ್ಲಿ ಲಿಗಾಯಾ ಕ್ಲಾಸು ಮುಗಿಯುವ ಹೊತ್ತಿಗೆ ಬಂದು ಒಂದು ವಿಷಯ ಹೇಳಿದಳು. ಜೂನ್ ಹನ್ನೆರಡು ಅವರ ಸ್ವಾತಂತ್ರ್ಯ ದಿನ. ಅದಕ್ಕೆ ಹತ್ತಿರದ ಭಾನುವಾರ, ಹ್ಯೂಸ್ಟನ್ನಿನ ಆ ಮಗ್ಗುಲಿನ ಮಿಸೌರಿ ಸಿಟಿಯ ಒಂದು ಹಾಲಿನಲ್ಲಿ ಎಲ್ಲರೂ ಸೇರುತ್ತಾರೆ. ಈ ಸಲ ರಾಷ್ಟ್ರಗೀತೆಯನ್ನು ಮೈಕಿನ ಮುಂದೆ ನಿಂತು ಎತ್ತಿಕೊಡಲು ಸಿಯಾಳ ಹೆಸರು ಬಂದಿದೆ. ಸಂಘದ ಅಧ್ಯಕ್ಷ ಎರ್ನೆಸ್ತೊ ಮಾತ್ರ ಅನುಮಾನ ಎತ್ತಿದ್ದರು. ಈ ಹುಡುಗಿಗೆ ಭಾಷೆಯೇ ಬರುವುದಿಲ್ಲ, ಕಲಿಯುತ್ತಿರುವುದು ಬೇರೆ ದೇಶದ ಸಂಗೀತ, ಫಿಲಿಪೀನ್ಸಿನಲ್ಲಿ ಹುಟ್ಟಿದವರೇ ಈ ಹಾಡನ್ನು ತಪ್ಪು ಹಾಡಿ ಬೈಸಿಕೊಳ್ಳುತ್ತಾರೆ, ಇವಳ ಕೈಲಾದೀತೇ ಎಂದು. ಆಗ ಲೋಲಾ ಮೀಟಿಂಗಿನಲ್ಲಿ ಎದ್ದು ನಿಂತು, ನನ್ನ ಮೊಮ್ಮಗಳು ಸರಿಯಾಗಿ ಹಾಡುತ್ತಾಳೆ, ಅವಳು ಕೆಡಿಸಿದರೆ ಇನ್ನು ಮುಂದೆ ನಾನು ಕುಂಪಾಸಿಗೆ ಕೈ ಎತ್ತುವುದಿಲ್ಲ ಎಂದುಬಿಟ್ಟರಂತೆ. ಎಪ್ಪತ್ತೈದು ಜನರ ಎದುರಿಗೆ ಆಡಿದ ಮಾತು. ಹೇಳುವಾಗ ಲಿಗಾಯಾಳ ಮುಖ ಸಪ್ಪಗಿತ್ತು. ಅಮ್ಮನಿಗೆ ಇಲ್ಲಿ ತನ್ನದು ಅಂತ ಇರುವುದು ಆ ಕುಂಪಾಸ್ ಒಂದೇ, ಆಂಟಿ, ಎಂದಳು.

ನಾನು ಅವಳ ಭುಜ ತಟ್ಟಿ, ನಿನ್ನ ತಾಯಿಯ ಮಾತು ಉಳಿಸುವ ಜವಾಬ್ದಾರಿ ನನ್ನದು ಎಂದು ಹೇಳಿ ಕಳಿಸಿದೆ. ನನ್ನ ಶಿಷ್ಯೆ ಸರಿಯಾಗಿ ಹಾಡದೆ ಇನ್ನೇನು? ಒಳಗೊಳಗೇ ಆ ಎರ್ನೆಸ್ತೊನಿಗೆ ಧಾರವಾಡ ಅಂದರೆ ಏನು ಅಂತ ತೋರಿಸಬೇಕು ಎಂಬ ಹುಮ್ಮಸ್ಸೂ ಬಂತು. ತಪ್ಪಾದದ್ದು ಅಲ್ಲೇ.

ಆ ಸಂಜೆಯೇ ಹಾಡನ್ನು ಫೋನಿನಲ್ಲಿ ಕೇಳಿದೆ. ಬಿಲಾವಲ್ ಥಾಟಿನ ಸ್ವರಗಳು, ಶುದ್ಧ, ಚೊಕ್ಕ. ಆದರೆ ಸಿಪಾಯಿಗಳ ನಡಿಗೆಯ ಹಾಗೆ ಸರಸರ ಹೋಗಿಬಿಡುತ್ತದೆ. ಒಂದು ಕಡೆ ನಿಲ್ಲುವುದಿಲ್ಲ, ಒಂದು ಸ್ವರವನ್ನೂ ಸವಿಯುವುದಿಲ್ಲ. ಪಾಪ, ಬಡವಾಗಿದೆ, ಸ್ವಲ್ಪ ಮೈ ತುಂಬಿಸೋಣ ಎಂದುಕೊಂಡೆ. ಹ್ಯೂಸ್ಟನ್ನಿನ ಸ್ಟೇಡಿಯಮ್ಮಿನಲ್ಲಿ ಆಟ ಶುರುವಾಗುವ ಮೊದಲು ಅಮೆರಿಕದ ರಾಷ್ಟ್ರಗೀತೆ ಹಾಡುವವರು ಎಷ್ಟು ಎಳೆಯುತ್ತಾರೆ, ಎಷ್ಟು ಮೇಲೆ ಹೋಗುತ್ತಾರೆ, ಜನ ಎಷ್ಟು ಕೇಕೆ ಹಾಕುತ್ತಾರೆ! ಅವರಿಗೆ ಆದೀತು ಎಂದಾದರೆ ನಮಗೇಕೆ ಆಗಬಾರದು?

ಏಳು ವಾರ ಕಲಿಸಿದೆ. ಪದಗಳ ಉಚ್ಚಾರ ಲಿಗಾಯಾ ನೋಡಿಕೊಂಡಳು, ಉಳಿದದ್ದು ನಾನು. ಮೊದಲ ಸಾಲಿಗೆ ಮುಂಚೆ ಒಂದು ಸಣ್ಣ ಆಲಾಪ. ಎರಡನೆಯ ಸಾಲಿನಲ್ಲಿ ಪಂಚಮದಿಂದ ಕೆಳಗೆ ಜಾರುವಲ್ಲಿ ಒಂದು ಮೀಂಡು. ಕೊನೆಯ ಸಾಲನ್ನು ಮೂರು ಸಲ ತಿರುಗಿಸಿ, ಸ್ವರಗಳನ್ನು ಏಣಿಯಂತೆ ಸರ್ರನೆ ಹತ್ತುವ ಒಂದು ಸಪಾಟ ತಾನ್ ಹಾಕಿ ಮೇಲಿನ ಷಡ್ಜದಲ್ಲಿ ಬಂದು ನಿಲ್ಲುವುದು. ಹುಡುಗಿ ಅದನ್ನು ಹಾಡುವಾಗ ನನಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಪ್ರಹ್ಲಾದ್ ಒಂದು ಸಲ ಗ್ಯಾರೇಜಿನ ಬಾಗಿಲಲ್ಲಿ ನಿಂತು ಕೇಳಿ, "ಭಾಳ ಛಂದ ಅದ. ಆದರ ಇದು ಅವರಿಗೆ ಗುರ್ತು ಸಿಗತದೇನು?" ಎಂದರು. ಸಂಗೀತ ತಿಳಿಯದವರ ಜೊತೆ ನಾನು ವಾದಿಸುವುದಿಲ್ಲ.

ಕಾರ್ಯಕ್ರಮಕ್ಕೆ ಹನ್ನೊಂದು ದಿನ ಇರುವಾಗ ಲೋಲಾ ಅವರನ್ನು ಕೇಳಲು ಕರೆದೆ. ಅವರು ಬಂದು, ಕೊಟ್ಟ ಕುರ್ಚಿಯಲ್ಲಿ ಕೂರದೆ, ಎದುರಿಗೆ ನಿಂತು ಬಲಗೈ ಎತ್ತಿದರು. ಸಿಯಾ ಆಲಾಪ ಶುರುಮಾಡಿದಳು. ಲೋಲಾ ಅವರ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ಮೀಂಡು ಬಂದಾಗ ಕೈ ಮೆಲ್ಲಗೆ ಇಳಿಯಿತು. ಕೊನೆಯ ಸಾಲಿನ ತಾನಿನವರೆಗೂ ಅವರು ಕಾಯಲಿಲ್ಲ.

"ನಿಲ್ಲಿಸು" ಎಂದರು. ಅವರು ಆಡುವುದು ಇಂಗ್ಲಿಷು, ನಾನು ನಮ್ಮ ಮಾತಿಗೆ ತಂದು ಹೇಳುತ್ತಿದ್ದೇನೆ.

ಅಲ್ಲಿಂದ ಮುಂದೆ ಗ್ಯಾರೇಜಿನಲ್ಲಿ ಮಾತಿಗೆ ಮಾತು ಬೆಳೆಯಿತು. ಇದಕ್ಕೆ ಕಾನೂನೇ ಇದೆ ಎಂದು ಅವರು. ಸ್ವರ ಹೇಗೆ ಬರೆದಿದೆಯೋ ಹಾಗೇ ಹಾಡಬೇಕು, ದೇಶದ ಒಳಗಾಗಲಿ ಹೊರಗಾಗಲಿ ಅವರ ಭಾಷೆಯಲ್ಲೇ ಹಾಡಬೇಕು, ಬಾಕ್ಸಿಂಗ್ ಪಂದ್ಯಗಳಲ್ಲಿ ಎಳೆದಾಡಿ ಹಾಡಿದ ದೊಡ್ಡ ದೊಡ್ಡ ಗಾಯಕರಿಗೇ ಸರ್ಕಾರದವರು ಛೀಮಾರಿ ಹಾಕಿದ್ದಾರೆ. ಕಲೆಗೆ ಎಂಥ ಕಾನೂನು ಎಂದು ನಾನು. ಆಕಾಶವಾಣಿಯಲ್ಲಿ ಇಪ್ಪತ್ತು ವರ್ಷ ಹಾಡಿದವಳು, ನನಗೆ ಹಾಡು ಹೇಳಿಕೊಡಲು ಬರಬೇಡಿ ಎಂದೂ ಅಂದುಬಿಟ್ಟೆ. ಅವರು ಸಿಯಾಳ ಚೀಲ ಎತ್ತಿಕೊಂಡು ಹೊರಟರು. ಹುಡುಗಿ ನಮ್ಮಿಬ್ಬರ ಮುಖವನ್ನೂ ನೋಡಿ, ಯಾರ ಪರವೂ ವಹಿಸಲಾರದೆ ತಲೆ ತಗ್ಗಿಸಿ ಅಜ್ಜಿಯ ಹಿಂದೆ ಹೋದಳು. ಆ ತಗ್ಗಿದ ತಲೆ ನನಗೆ ಚುಚ್ಚಿತು, ಆದರೆ ಆ ಹೊತ್ತಿನಲ್ಲಿ ಸಿಟ್ಟೇ ದೊಡ್ಡದಾಗಿತ್ತು.

ಎರಡು ದಿನ ಮನೆಯಲ್ಲಿ ಪಾತ್ರೆಗಳ ಸದ್ದು ಜಾಸ್ತಿ ಇತ್ತು ಎಂದು ಪ್ರಹ್ಲಾದ್ ಈಗಲೂ ಹೇಳುತ್ತಾರೆ. ಮೂರನೆಯ ದಿನ ಸುಹಾಸನ ಫೋನು ಬಂತು. "ಆಂಟಿ, ನಮ್ಮತ್ತಿ ಅಧ್ಯಕ್ಷರಿಗೆ ಫೋನ್ ಮಾಡಿ ಈ ವರ್ಷ ತಾವು ಕುಂಪಾಸ್ ಮಾಡಂಗಿಲ್ಲ ಅಂತ ಹೇಳಾಕ ನಿಂತಾರ್ರಿ. ಸಿಯಾ ಊಟ ಬಿಟ್ಟಾಳ" ಎಂದ. ನಾನು ಫೋನಿಟ್ಟೆ. ಆ ಹೆಂಗಸಿನ ಮಾತು ಉಳಿಸುತ್ತೇನೆ ಎಂದು ಭುಜ ತಟ್ಟಿ ಹೇಳಿದ್ದು ನಾನು. ಉಳಿಸಲು ಹೊರಟಿದ್ದು ಅವರ ಮಾತನ್ನೋ, ನನ್ನ ಹೆಸರನ್ನೋ? ಉತ್ತರ ಗೊತ್ತಿತ್ತು. ನಾಚಿಕೆಯಾಯಿತು. ಚಪ್ಪಲಿ ಮೆಟ್ಟಿ ಹೊರಟೆ, ಅವರ ಮನೆ ನಾಲ್ಕು ಮನೆಯಾಚೆ.

ಲೋಲಾ ಅಡುಗೆಮನೆಯ ಮೇಜಿನ ಮುಂದೆ ತೆಳು ಹಾಳೆಯಂಥ ಹಿಟ್ಟಿನಲ್ಲಿ ಪಲ್ಯ ಸುತ್ತಿ ಸುತ್ತಿ ಬೆರಳುದ್ದದ ಲುಂಪಿಯಾ ಮಾಡುತ್ತಿದ್ದರು. ಎದುರಿಗೆ ಕೂತು ನಾನೂ ಸುತ್ತತೊಡಗಿದೆ. ನನ್ನ ಮೊದಲ ನಾಲ್ಕನ್ನು ಅವರು ಬಿಚ್ಚಿ ಮತ್ತೆ ಸುತ್ತಿದರು. ಐದನೆಯದನ್ನು ಹಾಗೇ ಬಿಟ್ಟರು. ಆಗ ನಾನು ತಪ್ಪಾಯಿತು ಎಂದೆ. ಅದು ನನ್ನ ಬಾಯಿಂದ ಅಷ್ಟು ಸುಲಭವಾಗಿ ಬರುವ ಮಾತಲ್ಲ. ಆದರೆ ಯಾಕೆ ಅಷ್ಟು ಬಿಗಿ ಎಂದು ನನಗೆ ತಿಳಿಯಬೇಕು ಎಂದೂ ಕೇಳಿದೆ.

ಅವರು ಕೈಯ ಹಿಟ್ಟು ಒರೆಸಿಕೊಂಡು ಹೇಳಿದರು. ಸಾವಿರದ ಎಂಟುನೂರ ತೊಂಬತ್ತೆಂಟರಲ್ಲಿ ಸ್ಪೇನಿನವರಿಂದ ಬಿಡುಗಡೆಯಾದೆವೆಂದು ಸಾರಿದ್ದು ಅವರದೇ ಊರು ಕವೀತಿನಲ್ಲಿ. ಆ ದಿನಕ್ಕೆಂದೇ ಒಬ್ಬ ಪಿಯಾನೋ ಮೇಷ್ಟ್ರು ಕೆಲವೇ ದಿನಗಳಲ್ಲಿ ಈ ಮಟ್ಟು ಕಟ್ಟಿದರು. ನಾಯಕರ ಮನೆಯ ಕಿಟಕಿಯಿಂದ ಧ್ವಜ ಬಿಚ್ಚಿದಾಗ ಬ್ಯಾಂಡಿನವರು ಬಾರಿಸಿದರು. ಆಗ ಪದಗಳೇ ಇರಲಿಲ್ಲ, ಬರೀ ಮಟ್ಟು. ಮರುವರ್ಷ ಒಬ್ಬ ಯುವ ಸೈನಿಕ ಸ್ಪ್ಯಾನಿಷಿನಲ್ಲಿ ಪದ ಬರೆದ. ಅಷ್ಟರಲ್ಲಿ ಅಮೆರಿಕದವರು ಬಂದರು. ಧ್ವಜ ಹಾರಿಸುವಂತಿಲ್ಲ, ಈ ಹಾಡು ನುಡಿಸುವಂತಿಲ್ಲ ಎಂದು ಕಾನೂನು ಮಾಡಿದರು. ಅದು ಹನ್ನೆರಡು ವರ್ಷ ನಡೆಯಿತು. ಆಮೇಲೆ ಇಂಗ್ಲಿಷಿನ ಪದ ಬಂತು, ಅದಾದ ಮೇಲೆ ಅವರ ಸ್ವಂತ ಭಾಷೆಯ ಪದ ಬಂತು. ಪದ ಮೂರು ಸಲ ಬದಲಾಯಿತು, ಮಟ್ಟು ಮಾತ್ರ ಅದೇ.

"ಆ ಹನ್ನೆರಡು ವರ್ಷ ಅದನ್ನ ಉಳಿಸಿದ್ದು ಯಾರು ಗೊತ್ತಾ? ನನ್ನ ಅಜ್ಜಿ, ಅವಳ ಓಣಿಯ ಹೆಂಗಸರು. ಹೊಳೆ ದಂಡೆ ಮೇಲೆ ಬಟ್ಟೆ ಒಗೀತಾ, ಬಾಯಿ ಮುಚ್ಚಿ ಗುಂಯ್ ಅಂತ ಹಾಡ್ತಿದ್ರು. ಪದ ಇಲ್ಲ, ಪೊಲೀಸರು ಏನಂತ ಹಿಡೀತಾರೆ? ಬಟ್ಟೆ ಮೇಲೆ ಕೋಲು ಬೀಳೋದೇ ತಾಳ. ಹತ್ತು ಹೆಂಗಸರು, ಹತ್ತು ಕೋಲು, ಒಂದೇ ಪೆಟ್ಟು. ಅದರಲ್ಲಿ ಒಬ್ಬಳು ನಿಮ್ಮ ಥರ ಚೆನ್ನಾಗಿ ಹಾಡೋಳು ಇದ್ದಿದ್ದರೆ ಉಳಿದ ಒಂಬತ್ತು ಜನ ಕೋಲು ಕೆಳಗಿಟ್ಟು ಕೇಳ್ತಾ ಕೂತಿರೋರು. ಹಾಡು ಅವಳ ಜೊತೆಗೇ ಸತ್ತುಹೋಗ್ತಿತ್ತು."

ಮತ್ತೊಂದು ಹಾಳೆ ಕೈಗೆತ್ತಿಕೊಂಡು ಅಂದರು: "ನೀವು ಕಲಿಸಿದ್ದು ತುಂಬಾ ಚೆನ್ನಾಗಿತ್ತು, ಲೀಲಾ. ಅಷ್ಟು ಚೆನ್ನಾಗಿದ್ದರೆ ನಾವು ಯಾರೂ ಹಾಡೋಕಾಗಲ್ಲ."

ನಮ್ಮವ್ವನೂ ಬಾವಿಕಟ್ಟೆಯ ಮೇಲೆ ಬಟ್ಟೆ ಒಗೆಯುತ್ತ ಹಾಡುತ್ತಿದ್ದಳು, ಓಣಿಯ ಹೆಂಗಸರೆಲ್ಲ ದನಿಗೂಡಿಸುತ್ತಿದ್ದರು. ನಾನು ಗುರುಗಳ ಹತ್ತಿರ ಕಲಿಯಲು ಹೋದ ಮೇಲೆ ರಜೆಗೆ ಬಂದು ಹಾಡಿದರೆ ಅವರೆಲ್ಲ ಸುಮ್ಮನಾಗಿ ಕೇಳುತ್ತಿದ್ದರು. ಅದು ಗೌರವ ಎಂದುಕೊಂಡಿದ್ದೆ. ಗೌರವವೇ ಇರಬಹುದು. ಆದರೆ ಆ ರಜೆಗಳಲ್ಲಿ ಅವ್ವನ ದನಿ ಕೇಳಿದ ನೆನಪು ನನಗಿಲ್ಲ.

ಎರ್ನೆಸ್ತೊಗೆ ಫೋನು ಮಾಡಬೇಡಿ, ಎಂಟು ದಿನ ಕೊಡಿ ಎಂದು ಕೇಳಿಕೊಂಡು ಬಂದೆ. ಎಂಟು ದಿನದಲ್ಲಿ ಏಳು ವಾರದ್ದನ್ನು ಅಳಿಸಬೇಕಿತ್ತು. ಕಲಿಸುವುದು ಸುಲಭ, ಕಲಿತದ್ದನ್ನು ಬಿಡಿಸುವುದಿದೆಯಲ್ಲ, ಅದು ನನ್ನ ಶತ್ರುವಿಗೂ ಬೇಡ. ಸಿಯಾ ಸಾಲನ್ನು ನೇರವಾಗಿ ಶುರುಮಾಡುತ್ತಾಳೆ, ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಗಂಟಲು ತಾನೇ ಜಾರುತ್ತದೆ. "ಆಂಟಿ, ಇಟ್ ಜಸ್ಟ್ ಹ್ಯಾಪನ್ಸ್" ಎಂದು ಕೈ ಚೆಲ್ಲುತ್ತಾಳೆ. ಹೀಗೆ ಹಾಡು ಎಂದು ತೋರಿಸಲು ಹೋದರೆ ನನ್ನ ಗಂಟಲೂ ಜಾರುತ್ತದೆ. ಗುರುಗಳು ಅಷ್ಟು ಭದ್ರವಾಗಿ ಕಲಿಸಿದ್ದರು. ಗ್ಯಾರೇಜಿನಲ್ಲಿ ನಾವಿಬ್ಬರೂ ಒಂದು ನೇರ ಸ್ವರಕ್ಕಾಗಿ ಒದ್ದಾಡುವುದನ್ನು ನೋಡಿ ಲೋಲಾ ಮೊದಲ ಸಲ ನಕ್ಕರು. ಆಮೇಲೆ ಬಾಗಿಲ ಕಡೆ ಕೈ ತೋರಿಸಿ, ಹೊರಗೆ ನಡೀರಿ ಎಂದರು. ಇದು ನಡೆಯುವ ಹಾಡು, ಕೂತರೆ ಬರುವುದಿಲ್ಲ.

ಹಾಗೆ ಶುರುವಾಯಿತು ನಮ್ಮ ಮೆರವಣಿಗೆ. ಬೆಳಿಗ್ಗೆ ಆರೂವರೆಗೆ, ಬಿಸಿಲು ಏರುವ ಮೊದಲು, ಮುಂದೆ ಲೋಲಾ ನಮ್ಮ ಕಡೆ ಮುಖ ಮಾಡಿ ಹಿಂದಹಿಂದಕ್ಕೆ ಹೆಜ್ಜೆ ಹಾಕುತ್ತ ಕೈ ಬೀಸುತ್ತಾರೆ, ಅವರ ಎದುರಿಗೆ ಸಿಯಾ, ಅವಳ ಹಿಂದೆ ಸೀರೆಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡ ನಾನು. ಎಡ, ಬಲ, ಎಡ, ಬಲ. ಕಾಲು ನೆಲಕ್ಕೆ ಬೀಳುವಾಗ ಗಂಟಲು ಜಾರಲು ಪುರಸೊತ್ತೇ ಸಿಗುವುದಿಲ್ಲ. ಇದು ನನಗೆ ಹೊಸ ವಿದ್ಯೆ. "ಸಿಯಾ, ಗಂಟಲ ಮಾತು ಕೇಳಬ್ಯಾಡ, ಕಾಲಿನ ಮಾತು ಕೇಳು" ಎಂದು ಹಿಂದಿನಿಂದ ಕೂಗುತ್ತಿದ್ದೆ. ನನಗೇ ಹೇಳಿಕೊಳ್ಳುತ್ತಿದ್ದೆ ಅನ್ನಿ. ನಾಲ್ಕನೆಯ ದಿನ ಆಚೆ ಬೀದಿಯ ನಂದಕುಮಾರ್ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ, ನಮ್ಮ ಬಡಾವಣೆಯಲ್ಲಿ ಏನೋ ಪ್ರತಿಭಟನೆ ನಡೆಯುತ್ತಿದೆ, ಲೀಲಾವತಿ ಆಂಟಿಯೂ ಇದ್ದಾರೆ, ಯಾವುದರ ವಿರುದ್ಧ ಎಂದು ಯಾರಿಗಾದರೂ ಗೊತ್ತೇ ಎಂದು ಕೇಳಿದ್ದ. ನನ್ನ ಗಂಟಲಿನ ವಿರುದ್ಧ ಎಂದು ಉತ್ತರ ಹಾಕಿದೆ.

ಆರನೆಯ ದಿನ ಸಿಯಾ ಮೊದಲಿಂದ ಕೊನೆಯವರೆಗೆ ಎಲ್ಲೂ ಜಾರದೆ ಹಾಡಿದಳು. ಲೋಲಾ ಅವಳ ಹಣೆಗೆ ಮುತ್ತು ಕೊಟ್ಟರು. ನನಗೂ ಕೊಡುತ್ತಾರೇನೋ ಎಂದು ನೋಡಿದೆ. ನೀವು ಇನ್ನೂ ಎರಡು ಕಡೆ ಜಾರುತ್ತೀರಿ ಎಂದರು.

ಭಾನುವಾರ ಮಿಸೌರಿ ಸಿಟಿಯ ಆ ಸಭಾಂಗಣ ಜನರಿಂದ, ಕರಿದ ಲುಂಪಿಯಾದ ವಾಸನೆಯಿಂದ ತುಂಬಿತ್ತು. ಪ್ರಹ್ಲಾದ್ ಸಹಾಯ ಮಾಡುವ ಉತ್ಸಾಹದಲ್ಲಿ ಏಣಿ ಹತ್ತಿ ವೇದಿಕೆಯ ಹಿಂದಿನ ಗೋಡೆಗೆ ಧ್ವಜ ಕಟ್ಟಿದರು. ಕೆಂಪು ಮೇಲೆ ಬಂದಿತ್ತು. ಲೋಲಾ ಹಾಲಿನ ಆ ತುದಿಯಿಂದ ಓಡಿ ಬಂದು, ಪ್ರಹ್ಲಾದ್, ಯಾವ ದೇಶದ ಮೇಲೆ ಯುದ್ಧ ಸಾರಿದ್ದೀರಿ ಎಂದು ಕೇಳಿದರು. ಅವರ ಧ್ವಜದಲ್ಲಿ ಶಾಂತಿಯ ಕಾಲಕ್ಕೆ ನೀಲಿ ಮೇಲೆ, ಯುದ್ಧದ ಕಾಲಕ್ಕೆ ಕೆಂಪು ಮೇಲೆ. ಮೂವತ್ತು ವರ್ಷ ಎಂಜಿನಿಯರ್ ಆಗಿದ್ದ ನನ್ನ ಗಂಡ ನಾಲಿಗೆ ಕಚ್ಚಿಕೊಂಡು ಧ್ವಜ ತಿರುಗಿಸಿ ಶಾಂತಿ ಒಪ್ಪಂದ ಮಾಡಿಕೊಂಡು ಇಳಿದರು. ಸುತ್ತ ನಿಂತವರೆಲ್ಲ ನಕ್ಕರು, ಎರ್ನೆಸ್ತೊ ಒಬ್ಬರನ್ನು ಬಿಟ್ಟು.

ಹಾಡು ಮುಗಿದ ಮೇಲೆ ಚಪ್ಪಾಳೆ ತಟ್ಟಬಾರದು ಎಂದು ಲೋಲಾ ಮೊದಲೇ ಹೇಳಿದ್ದರು. ಅವರ ಶಾಲೆಯಲ್ಲಿ ಎಂದೂ ತಟ್ಟಿದವರಿಲ್ಲ, ಅದು ಕಚೇರಿಯಲ್ಲ ಎಂದು. ನಾನು ಪ್ರಹ್ಲಾದರಿಗೆ ಎರಡು ಸಲ ಎಚ್ಚರಿಕೆ ಕೊಟ್ಟೆ. ನಾವು ಹಿಂದಿನ ಸಾಲಿನಲ್ಲಿ ನಿಂತೆವು. ಮುನ್ನೂರು ಜನ ಎದ್ದು ನಿಂತು ಬಲಗೈ ಎದೆಗೆ ಇಟ್ಟುಕೊಂಡರು. ಸಿಯಾ ಬಿಳಿ ಅಂಗಿಯಲ್ಲಿ ಮೈಕಿನ ಮುಂದೆ, ಲೋಲಾ ಅವಳ ಪಕ್ಕಕ್ಕೆ ಧ್ವಜಕ್ಕೆ ಬೆನ್ನು ಮಾಡಿ ನಮ್ಮ ಕಡೆ ಮುಖ ಮಾಡಿ ನಿಂತು ಬಲಗೈ ಎತ್ತಿದರು. ಬ್ಯಾಂಡಿನ ರೆಕಾರ್ಡು ಶುರುವಾಗಬೇಕು.

ಆಗಲಿಲ್ಲ. ರೆಕಾರ್ಡಿನ ಪೆಟ್ಟಿಗೆ ಒಮ್ಮೆ ಕೆಮ್ಮಿ ಸುಮ್ಮನಾಯಿತು, ಮೈಕು ಮಾತ್ರ ಕೆಲಸ ಮಾಡುತ್ತಿತ್ತು. ಯಾರೋ ಓಡಿದರು, ತಂತಿ ಎಳೆದರು, ಮತ್ತೆ ಚುಚ್ಚಿದರು. ಎರ್ನೆಸ್ತೊ ಕೈಗಡಿಯಾರ ನೋಡಿ, ಪರವಾಗಿಲ್ಲ, ಹಾಗೇ ಶುರುಮಾಡು ಎಂದು ಸಿಯಾಳಿಗೆ ಸನ್ನೆ ಮಾಡಿದರು.

ಹಾಗೇ ಶುರುಮಾಡುವುದು! ನಾಲ್ಕು ವರ್ಷದಲ್ಲಿ ಒಂದು ದಿನವೂ ನಾನು ಆ ಮಗುವಿಗೆ ತಂಬೂರಿಯಿಲ್ಲದೆ ಬಾಯಿ ತೆರೆಯಲು ಬಿಟ್ಟಿಲ್ಲ. ಶ್ರುತಿ ಕೇಳಿಸದಿದ್ದರೆ ಹಾಡಬಾರದು ಎಂದು ಬಯ್ದು ಬಯ್ದು ಕಲಿಸಿದ್ದೇನೆ. ಬೀದಿಯಲ್ಲಿ ನಡೆಯುವಾಗಲೂ ಫೋನಿನ ತಂಬೂರಿ ನನ್ನ ಕೈಯಲ್ಲಿರುತ್ತಿತ್ತು. ಎಲ್ಲವನ್ನೂ ಬಿಡಿಸಿದ್ದೆ, ಅದೊಂದನ್ನು ಬಿಡಿಸಿರಲಿಲ್ಲ. ಸಿಯಾ ಬಾಯಿ ತೆರೆದಳು, ಮುಚ್ಚಿದಳು. ಲೋಲಾ ಅವರ ಕೈ ಎತ್ತಿದ್ದು ಎತ್ತಿದ ಹಾಗೇ ಇತ್ತು. ಮುಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. ನನ್ನ ಕಲಿಕೆಯೇ ಆ ಇಬ್ಬರನ್ನೂ ಮುನ್ನೂರು ಜನರ ಎದುರಿಗೆ ಕಟ್ಟಿಹಾಕಿತ್ತು.

ಆಗ ಮೈಕಿನಲ್ಲಿ, ಇಡೀ ಹಾಲಿಗೆ ಕೇಳುವ ಹಾಗೆ, ಆ ಹುಡುಗಿ ತನ್ನ ಜನ್ಮದಲ್ಲಿ ಮೊದಲ ಸಲ ನನ್ನೊಡನೆ ಕನ್ನಡದಲ್ಲಿ ಮಾತಾಡಿದಳು.

"ಆಂಟಿ, ಸಾ ಕೊಡ್ರಿ."

ಮುನ್ನೂರು ತಲೆಗಳು ತಿರುಗಿದವು. ನಾನು ಯಾರ ಮುಖವನ್ನೂ ನೋಡಲಿಲ್ಲ. ಹಿಂದಿನ ಸಾಲಿನಿಂದ, ಮೈಕಿಲ್ಲದೆ, ಧಾರವಾಡದಲ್ಲಿ ಗುರುಗಳಿಗೆ ಕೊಡುತ್ತಿದ್ದ ಹಾಗೆ ತುಂಬು ದನಿಯಲ್ಲಿ ಸಾ ಕೊಟ್ಟೆ. ನೇರವಾದ ಸಾ, ಆ ಕಡೆ ಈ ಕಡೆ ಅಲುಗದ ಸಾ. ಜೊತೆಗೆ ನಿಂತಲ್ಲೇ ಕಾಲು ಹಾಕತೊಡಗಿದೆ. ಎಡ, ಬಲ, ಎಡ, ಬಲ. ಮರದ ನೆಲ, ಸದ್ದು ಚೆನ್ನಾಗಿ ಬಂತು. ಪ್ರಹ್ಲಾದರಿಗೆ ಏನನ್ನಿಸಿತೋ, ಅವರೂ ಹಾಕಿದರು. ಆಮೇಲೆ ಸುಹಾಸ್, ಲಿಗಾಯಾ, ಅವರ ಪಕ್ಕದವರು. ಸಿಯಾ ನಮ್ಮ ಕಾಲುಗಳನ್ನು ನೋಡಿದಳು, ಉಸಿರು ಎಳೆದುಕೊಂಡಳು, ಶುರುಮಾಡಿದಳು.

ನೇರವಾಗಿ ಹಾಡಿದಳು. ಮೊದಲ ಸಾಲಿಗೇ ಇಡೀ ಹಾಲು ಅವಳ ಜೊತೆ ಬಂತು. ಮುದುಕರು, ನರ್ಸುಗಳು, ಕಂಕುಳಲ್ಲಿ ಕೂಸಿದ್ದವರು, ತಾರಸ್ಥಾಯಿಗೆ ಹೋಗಲಾಗದೆ ಕೆಳಗೇ ಹಾಡಿಕೊಂಡವರು, ಶ್ರುತಿಯ ಹತ್ತಿರವೂ ಸುಳಿಯದವರು. ನಾನು ಇಷ್ಟು ಬೇಸೂರನ್ನು ಒಂದೇ ಕಡೆ ಎಂದೂ ಕೇಳಿರಲಿಲ್ಲ, ಇಷ್ಟು ಸಂತೋಷವೂ ನನಗೆ ಎಂದೂ ಆಗಿರಲಿಲ್ಲ. ನಮ್ಮ ಪದ್ಧತಿಯಂತೆ ಎರಡೂ ಕೈ ಇಳಿಬಿಟ್ಟು ನಿಂತು ನಾನೂ ಹಾಡಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಹಾಡು ಅರ್ಧಕ್ಕೆ ಬಂದಾಗ ಲೋಲಾ ಅವರ ಕೈ ನಿಂತಿತು. ಒಂದು ಕ್ಷಣ ಗಾಳಿಯಲ್ಲಿದ್ದು ಮೆಲ್ಲಗೆ ಕೆಳಗಿಳಿಯಿತು. ಅವರು ನಮಗೆ ಬೆನ್ನು ತಿರುಗಿಸಿದರು.

ಏನೋ ಕೆಟ್ಟಿತು ಎಂದುಕೊಂಡೆ. ಹುಡುಗಿ ಎಲ್ಲೋ ಜಾರಿದಳು, ನಾನು ಗಮನಿಸಲಿಲ್ಲ, ಅವರ ಕಿವಿಗೆ ಬಿತ್ತು, ಆಡಿದ ಮಾತಿನಂತೆ ಕೈ ಇಳಿಸಿಬಿಟ್ಟರು. ಸಿಯಾ ಪಕ್ಕಕ್ಕೆ ನೋಡಿದಳು, ಆದರೆ ಹಾಡು ಬಿಡಲಿಲ್ಲ. ಆಮೇಲೆ ಹಿಂದಿನಿಂದ ನನಗೆ ಕಂಡಿತು. ಲೋಲಾ ಧ್ವಜದ ಕಡೆ ಮುಖ ಮಾಡಿ ನೆಟ್ಟಗೆ ನಿಂತಿದ್ದರು. ಅವರ ಬಲ ಮೊಣಕೈ ಮಡಚಿ ಪಕ್ಕಕ್ಕೆ ಚಾಚಿತ್ತು. ಕೈ ಎದೆಯ ಮೇಲಿತ್ತು.

ಕುಂಪಾಸ್ ಇಲ್ಲದೆ ಮುನ್ನೂರು ಜನ ಒಂದೇ ಹೆಜ್ಜೆಯಲ್ಲಿ ಕೊನೆಯ ಸಾಲಿಗೆ ಬಂದು ನಿಂತರು. ಚಪ್ಪಾಳೆ ಇಲ್ಲ. ಹಾಲು ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಒಂದು ದನಿ "ವಾಹ್" ಎಂದಿತು. ನನ್ನದೇ. ನಲವತ್ತು ವರ್ಷದ ಚಟ, ಬಾಯಿಗೆ ಬೀಗ ಹಾಕಿದ್ದರೂ ಹಾರಿಕೊಂಡು ಬಂತು. ಪ್ರಹ್ಲಾದ್ ನನ್ನ ಕಡೆ ನೋಡಿದ ನೋಟವನ್ನು ನಾನು ಇಲ್ಲಿ ಬರೆಯುವುದಿಲ್ಲ. ಮುಂದಿನ ಸಾಲಿನಲ್ಲಿ ಎರ್ನೆಸ್ತೊ ಹಿಂದಕ್ಕೆ ತಿರುಗಿ ನೋಡಿ, ಇನ್ನು ತಡೆಯಲಾರದೆ ಗಟ್ಟಿಯಾಗಿ ನಕ್ಕುಬಿಟ್ಟರು. ಅವರ ಹಿಂದೆ ಹಾಲೆಲ್ಲ ನಕ್ಕಿತು. ಸಿಯಾ ವೇದಿಕೆಯಿಂದ ಜಿಗಿದು ಓಡಿ ಬಂದು ನನ್ನ ಸೊಂಟ ಅಪ್ಪಿಕೊಂಡಳು.

ಊಟದ ಸಾಲಿನಲ್ಲಿ ಲೋಲಾ ತಟ್ಟೆ ಹಿಡಿದು ನನ್ನ ಪಕ್ಕಕ್ಕೆ ಬಂದು ನಿಂತರು. ಕಣ್ಣು ಇನ್ನೂ ಕೆಂಪಗಿತ್ತು. ಬೈಯುತ್ತಾರೆಂದು ನಾನು ಮೊದಲೇ ಕಿವಿ ಹಿಡಿದುಕೊಂಡೆ. ಅವರು ಅದನ್ನು ಬಿಡಿಸಿದರು.

"ಮೂವತ್ತೈದು ವರ್ಷ ಧ್ವಜಕ್ಕೆ ಬೆನ್ನು ಹಾಕಿ ನಿಂತಿದ್ದೆ ಲೀಲಾ. ಎಲ್ಲರ ಕೈ ಎದೆ ಮೇಲೆ, ನನ್ನದು ಗಾಳಿಯಲ್ಲಿ. ಇವತ್ತು ನಿಮ್ಮ ಕಾಲಿನ ತಾಳ ತಾನಾಗೇ ನಡೀತಾ ಇತ್ತು. ನನ್ನ ಕೈಗೆ ಕೆಲಸ ಇರಲಿಲ್ಲ."

ಅಷ್ಟು ಹೇಳಿ ಆ ಬಲಗೈಯಿಂದ ನನ್ನ ತಟ್ಟೆಗೆ ನಾಲ್ಕು ಲುಂಪಿಯಾ ಹಾಕಿದರು. ನಾಲ್ಕೂ ಸರಿಯಾಗಿ ಸುತ್ತಿದವು. ಐದನೆಯದು ನಾನು ಸುತ್ತಿದ್ದರ ಹಾಗೆ ಸ್ವಲ್ಪ ಸೊಟ್ಟಗಿತ್ತು, ಅದನ್ನು ತಮ್ಮ ತಟ್ಟೆಗೆ ಹಾಕಿಕೊಂಡರು.